ಹಸಿರು ಚಿಂದಿಯ ತಗಡು

ರಾಜೇಶ್ವರಿಯ ಕೈ ಸರಿಯಿಲ್ಲ ಎಂಬುದು ಶಹಾಬಾದಿನ ಆ ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಕೈಗೆ ಬೇನೆಯೇನೂ ಇರಲಿಲ್ಲ. ಆ ಕೈ ಕೂತಲ್ಲೇ ಮೂವತ್ತು ಜೋಳದ ರೊಟ್ಟಿ ಬಡಿದರೂ ದಣಿಯುತ್ತಿರಲಿಲ್ಲ. ಸರಿಯಿಲ್ಲದ್ದು ಕೈಗುಣ. ಅವಳು ಕಲಸಿದ ನಾನ್‌ಖಟಾಯಿ ಕಲ್ಲಾಗುತ್ತದೆ, ಅಷ್ಟೇ. ಇದನ್ನು ಮೊದಲು ಅತ್ತೆ ಹೇಳಿದರು, ಆಮೇಲೆ ಗಂಡ ಹೇಳಿದರು, ಸೇಡಂಗೆ ಕೊಟ್ಟ ನಾದಿನಿ ಹಬ್ಬಕ್ಕೆ ಬಂದಾಗಲೆಲ್ಲ ಹೇಳಿದಳು, ಹೆತ್ತ ಮಗಳು ಭಾಗ್ಯಜ್ಯೋತಿಯೂ ಹಲ್ಲು ಬಂದ ವರ್ಷದಿಂದ ಹೇಳಿದಳು. ಇಷ್ಟು ಜನ ಹೇಳಿದ ಮೇಲೆ ರಾಜೇಶ್ವರಿಯೂ ಹೇಳತೊಡಗಿದಳು. "ನಂದು ಗುಂಡಗುರ್ತಿ ಕೈ ರಿ. ರೊಟ್ಟಿಗಿ ಲಾಯಕ್. ನಾಜೂಕಿನ ಕೆಲಸ ಆಗಲ್ಲ."

ಗುಂಡಗುರ್ತಿ ಅವಳ ತವರು. ಹೊಲಮನೆ ಜನ. ಅಲ್ಲಿ ಬಿಸ್ಕತ್ತು ಎಂದರೆ ಸಂತೆಯ ದಿನ ಪುಡಿಕೆಯಲ್ಲಿ ಬರುವ ಸಾಮಾನು. ಮದುವೆಯಾಗಿ ಶಹಾಬಾದಿಗೆ ಬಂದ ಮೇಲೆಯೇ ಅವಳು ಹೆಂಗಸರು ಮನೆಯಲ್ಲಿ ಹಿಟ್ಟು ಕಲಸಿ, ತಟ್ಟಿ, ತಗಡಿನ ಮೇಲೆ ಸಾಲಾಗಿ ಜೋಡಿಸಿ, ಸುಡುವುದಕ್ಕೆ ಮಾತ್ರ ಬೇಕರಿಯ ಭಟ್ಟಿಗೆ ಕಳಿಸುವುದನ್ನು ನೋಡಿದ್ದು. ದೀಪಾವಳಿಗೆ ವಾರವಿದೆ ಎನ್ನುವಾಗ ಗುಲಾಮ ದಸ್ತಗೀರನ ಭಟ್ಟಿಯ ಮುಂದೆ ತಗಡುಗಳ ಸಾಲು. ರಂಜಾನಿಗೆ ಮುಂಚೆಯೂ ಅದೇ ಸಾಲು. ಅಷ್ಟು ಮನೆಗಳ ಬಿಸ್ಕತ್ತು ಒಂದೇ ಬೆಂಕಿಗೆ ಹೋಗುವುದರಿಂದ ಪ್ರತಿ ತಗಡಿಗೂ ಗುರುತು ಬೇಕು. ಕೆಲವರು ಬಣ್ಣ ಹಚ್ಚುತ್ತಾರೆ, ಕೆಲವರು ಮೂಲೆ ಮಡಚುತ್ತಾರೆ. ಈ ಮನೆಯಲ್ಲಿ ಹಳೆಯ ಸೀರೆಯ ಚಿಂದಿ ಕಟ್ಟುತ್ತಿದ್ದರು; ಉರಿಗೆ ಇಡುವಾಗ ಭಟ್ಟಿಯವನು ಅದನ್ನು ಬಿಚ್ಚಿ, ತೆಗೆದ ಮೇಲೆ ಮತ್ತೆ ಕಟ್ಟುತ್ತಿದ್ದ. ಅತ್ತೆಯ ತಗಡಿನ ಕಿವಿಗೆ ನೀಲಿ, ಸೊಸೆಯ ತಗಡಿನ ಕಿವಿಗೆ ಹಸಿರು.

ಅತ್ತೆ ರತ್ನಾಬಾಯಿಯವರ ನಾನ್‌ಖಟಾಯಿ ಎಂದರೆ ಸುಮ್ಮನೆ ಅಲ್ಲ. ಅವರ ಯಜಮಾನರು ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸದಲ್ಲಿದ್ದಾಗ ಪಕ್ಕದ ಕ್ವಾರ್ಟರ್ಸಿನ ಮುಸರತ ಬೇಗಂ ಕಲಿಸಿಕೊಟ್ಟದ್ದು. ಯಜಮಾನರು ಮೂವತ್ತೆಂಟಕ್ಕೇ ತೀರಿಕೊಂಡರು. ರತ್ನಾಬಾಯಿ ಇಬ್ಬರು ಮಕ್ಕಳನ್ನೂ ಈ ಒಂದು ವಿದ್ಯೆಯನ್ನೂ ಕಟ್ಟಿಕೊಂಡು ಶಹಾಬಾದಿಗೆ ಬಂದರು. ಬಾಯಲ್ಲಿ ಇಟ್ಟರೆ ಹಲ್ಲಿನ ಕೆಲಸವೇ ಇಲ್ಲ. ನಾಲಿಗೆಯ ಮೇಲೆ ಕರಗಿ, ಏಲಕ್ಕಿ ಮಾತ್ರ ಉಳಿಯುತ್ತಿತ್ತು. ಓಣಿಯ ಹೆಂಗಸರು ಅಳತೆ ಬರೆದುಕೊಳ್ಳಲು ಬರುತ್ತಿದ್ದರು, ರತ್ನಾಬಾಯಿ ಬರೆಸುತ್ತಿದ್ದರು. ನಾಲ್ಕು ಬಟ್ಟಲು ಮೈದಾ, ಒಂದು ಬಟ್ಟಲು ಕಡಲೆಹಿಟ್ಟು, ಅರ್ಧ ಬಟ್ಟಲು ಸಣ್ಣ ರವೆ. ತುಪ್ಪ ಎರಡೂವರೆ, ಪುಡಿ ಸಕ್ಕರೆ ಎರಡೂವರೆ. ತುಪ್ಪ ಸಕ್ಕರೆಯನ್ನು ಪರಾತದಲ್ಲಿ ಅಂಗೈಯಿಂದ ಬೆಣ್ಣೆಯಂತೆ ಬೆಳ್ಳಗಾಗುವವರೆಗೆ ತಿಕ್ಕಬೇಕು. ಸೊಸೆಗೂ ಇದೇ ಅಳತೆ ಹೇಳಿಕೊಟ್ಟರು. ಅದರಲ್ಲಿ ಒಂದು ಚಿಟಿಕೆಯಷ್ಟೂ ಮುಚ್ಚುಮರೆ ಇರಲಿಲ್ಲ. ಆದ್ದರಿಂದಲೇ ಮುಂದೆ ಯಾರಿಗೂ ಅನುಮಾನ ಬರಲಿಲ್ಲ.

ಮದುವೆಯಾದ ವರ್ಷದ ದೀಪಾವಳಿಗೆ ರಾಜೇಶ್ವರಿಯ ನಾನ್‌ಖಟಾಯಿ ಚೆನ್ನಾಗಿಯೇ ಆಗಿತ್ತು. ಅತ್ತೆ ಸೊಸೆ ಇಬ್ಬರೂ ಭಟ್ಟಿಗೆ ಜೊತೆಯಾಗಿ ಹೋಗಿ, ತಗಡು ಇಟ್ಟು, ಸುಟ್ಟ ಮೇಲೆ ತಂದಿದ್ದರು. ಹಬ್ಬಕ್ಕೆ ಬಂದವರೊಬ್ಬರು ಎರಡನ್ನೂ ತಿಂದು, "ರತ್ನಕ್ಕಾ, ಸೊಸಿ ನಿನ್ನ ಮೀರಿಸ್ಯಾಳಲ್ಲ" ಎಂದಿದ್ದರು. ಎಲ್ಲರೂ ನಕ್ಕಿದ್ದರು. ಮರುವರ್ಷದಿಂದ ರತ್ನಾಬಾಯಿ ಒಂದು ಕಟ್ಟಳೆ ಮಾಡಿದರು. "ನಮ್ಮ ಮನಿ ಹೆಣ್ಮಕ್ಕಳು ಹಂಗ ಭಟ್ಟಿ ಮುಂದ ಹೋಗಿ ನಿಂದರಬಾರದು. ಶಾಂತಕುಮಾರ ಒಯ್ಯಲಿ." ಶಾಂತಕುಮಾರ ಆಗ ಹೊಸದಾಗಿ ಹೈಸ್ಕೂಲು ಮಾಸ್ತರರಾಗಿದ್ದರು. ಸೈಕಲ್ಲಿನ ಹಿಂದೆ ಎರಡು ತಗಡು ಕಟ್ಟಿಕೊಂಡು ಹೋದರು. ಸಂಜೆ ತಂದರು. ನೀಲಿ ಚಿಂದಿಯದು ಎಂದಿನಂತೆ ಕರಗಿತು. ಹಸಿರು ಚಿಂದಿಯದು ತಳ ಕಪ್ಪಾಗಿ, ಒಳಗೆ ಬಿರುಸಾಗಿ, ಬಟ್ಟಲಿಗೆ ಬಿದ್ದರೆ ಸದ್ದು ಮಾಡಿತು.

"ಹೆಂಗ ಆಗ್ಯಾವ್ರಿ?" ಎಂದು ರಾಜೇಶ್ವರಿ ಗಂಡನನ್ನು ಕೇಳಿದಳು.

ಶಾಂತಕುಮಾರ ಮಾಸ್ತರರು ಒಂದನ್ನು ಎತ್ತಿ ನೆಲದ ಹಾಸುಗಲ್ಲಿಗೆ ಟಕಟಕ ಬಡಿದು, "ಶಹಾಬಾದ ಪರಸಿಕಲ್ಲು ಆಗ್ಯಾವ. ಅಂಗಳಕ್ಕ ಹಾಸಬಹುದು" ಎಂದರು. ಮನೆ ತುಂಬ ನಗು. ಆ ಜೋಕು ಮುಂದೆ ಇಪ್ಪತ್ತೈದು ದೀಪಾವಳಿ ನಡೆಯಿತು. ಒಂದು ವರ್ಷವೂ ತಪ್ಪಲಿಲ್ಲ.

ರಾಜೇಶ್ವರಿ ಮಾಡದ ಪ್ರಯತ್ನವಿಲ್ಲ. ತುಪ್ಪ ಹೆಚ್ಚು ಹಾಕಿದಳು, ಹಿಟ್ಟನ್ನು ಮೂರು ಸಲ ಜರಡಿ ಹಿಡಿದಳು, ಅಂಗೈ ಬೊಬ್ಬೆ ಬರುವವರೆಗೆ ತಿಕ್ಕಿದಳು. ಒಂದು ವರ್ಷ ರತ್ನಾಬಾಯಿಗೆ ಜ್ವರ ಬಂದಿತ್ತು. ಎರಡೂ ತಗಡಿನ ಹಿಟ್ಟನ್ನು ರಾಜೇಶ್ವರಿಯೇ ಕಲಸಿದಳು. ಅತ್ತೆ ಹಾಸಿಗೆಯಿಂದೆದ್ದು ಬಂದು ನೀಲಿ ತಗಡಿನ ಬಿಸ್ಕತ್ತುಗಳ ನಡುವೆ ಬರೀ ಬೆರಳಿನಿಂದ ಒಂದೊಂದು ಪಿಸ್ತಾ ಒತ್ತಿದರು. ಸಂಜೆ ನೋಡಿದರೆ ನೀಲಿ ಕರಗುತ್ತದೆ, ಹಸಿರು ಕಲ್ಲು! ಒಂದೇ ಹಿಟ್ಟು, ಒಂದೇ ತುಪ್ಪ. ಓಣಿಯಲ್ಲಿ ಇದೇ ಮಾತಾಯಿತು: ರತ್ನಾಬಾಯಿ ಬೆರಳು ಮುಟ್ಟಿದರೆ ಸಾಕು. ರಾಜೇಶ್ವರಿ ಅಂದು ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ರತ್ನಾಬಾಯಿ ಕಾಲು ಹಿಂದೆಳೆದುಕೊಂಡರು. ಜ್ವರಕ್ಕೆ ಮೈ ನೋಯುತ್ತಿರಬೇಕು ಎಂದುಕೊಂಡಳು ಪಾಪದ ಹೆಂಗಸು.

ನಾನ್‌ಖಟಾಯಿ ಒಂದರಲ್ಲೇ ಇದು ಮುಗಿದಿದ್ದರೆ ಹೋಗಲಿ ಬಿಡಿ ಎನ್ನಬಹುದಿತ್ತು. ಕೈಗುಣ ಕೆಟ್ಟದ್ದು ಎಂದು ಒಮ್ಮೆ ನಂಬಿದವಳಿಗೆ ಎಲ್ಲದರಲ್ಲೂ ಅದೇ ಕಾಣುತ್ತದೆ. ಉಪ್ಪಿನಕಾಯಿ ಜಾಡಿಗೆ ಅವಳು ಕೈ ಹಾಕಲಿಲ್ಲ, ಕೆಟ್ಟುಹೋದೀತು ಎಂದು. ಮಹಿಳಾ ಸಂಘದವರು ಹಪ್ಪಳ, ಶೇಂಗಾ ಹೋಳಿಗೆ ಮಾಡಿ ಮಾರೋಣ ಬಾ ಎಂದು ಎರಡು ಸಲ ಮನೆಗೆ ಬಂದು ಕರೆದರು, ಇವಳು ಹೋಗಲಿಲ್ಲ. ಮಗಳ ಮದುವೆಯಲ್ಲಿ ಮೊದಲ ಹೋಳಿಗೆ ತಾಯಿ ತಟ್ಟಲಿ ಎಂದಾಗ, "ನನ್ನ ಕೈ ಬ್ಯಾಡ, ಅತ್ತಿಯವರು ತಟ್ಟಲಿ" ಎಂದು ಹಿಂದೆ ಸರಿದಳು. ಸ್ವಂತ ಮಗಳ ಮದುವೆ! ಆಗಲೂ ಯಾರೂ ಇಲ್ಲ ಬಾ ಎನ್ನಲಿಲ್ಲ.

ಆದರೂ ರತ್ನಾಬಾಯಿ ಕೆಟ್ಟ ಅತ್ತೆ ಎನ್ನುವಂತಿಲ್ಲ, ಕಷ್ಟವಿರುವುದೇ ಅಲ್ಲಿ. ರಾಜೇಶ್ವರಿಯ ಬಾಣಂತನ ಮಾಡಿದ್ದು ಅವರು. ತವರಿಗೆ ಕಳಿಸದೆ, ಮೂರು ತಿಂಗಳು ಬಿಸಿನೀರು ಕಾಸಿ ಎರೆದು, ತಾವು ನೆಲದ ಮೇಲೆ ಮಲಗಿ ಸೊಸೆಯನ್ನು ಮಂಚದ ಮೇಲೆ ಮಲಗಿಸಿದ್ದರು. ಕೊನೆಯ ಎರಡು ವರ್ಷ ಅವರು ಹಾಸಿಗೆ ಹಿಡಿದಾಗ ರಾಜೇಶ್ವರಿ ಅದನ್ನೆಲ್ಲ ತೀರಿಸಿದಳು. ಉಣಿಸಿದಳು, ತೊಳೆದಳು, ಹೊರಳಿಸಿದಳು. ಸಾಯುವ ವಾರದಲ್ಲಿ ಒಂದು ಮಧ್ಯಾಹ್ನ ರತ್ನಾಬಾಯಿ ಅವಳ ಎರಡೂ ಕೈ ಹಿಡಿದುಕೊಂಡು, ಬಹಳ ಹೊತ್ತು ಸವರಿ, "ನಿನ್ನ ಕೈ ಭಾಳ ಚೊಲೋ ಅವ ನನ್ನವ್ವಾ" ಎಂದು ಅತ್ತರು. ಸೇವೆ ಮಾಡಿದ್ದಕ್ಕೆ ಹೇಳುತ್ತಿದ್ದಾರೆ ಎಂದು ರಾಜೇಶ್ವರಿಯೂ ಅತ್ತಳು. ಬಾಗಿಲಲ್ಲಿ ನಿಂತಿದ್ದ ಶಾಂತಕುಮಾರ ಮಾಸ್ತರರು ಹೊರಗೆ ಹೋದರು.

ರತ್ನಾಬಾಯಿ ತೀರಿಕೊಂಡು ಹತ್ತು ತಿಂಗಳಾದಾಗ ಭಾಗ್ಯಜ್ಯೋತಿಗೆ ಏಳನೇ ತಿಂಗಳು. ಅವಳನ್ನು ಚಿಂಚೋಳಿಗೆ ಕೊಟ್ಟಿದೆ. ಅಳಿಯ ಮಹೇಶಕುಮಾರ ಅಲ್ಲಿ ಗೊಬ್ಬರದ ಅಂಗಡಿ ನಡೆಸುತ್ತಾನೆ. ಕುಬಸಕ್ಕೆ ತವರಿನಿಂದ ಸೀರೆ, ಬಳೆ, ತಿನಿಸಿನ ಡಬ್ಬಿಗಳು ಹೋಗಬೇಕು. ಬಸುರಿ ಹುಡುಗಿ ಫೋನಿನಲ್ಲಿ ಅತ್ತಳು.

"ಅವ್ವಾ, ಬ್ಯಾರೇ ಏನೂ ಬ್ಯಾಡ ನನಗ. ಅಜ್ಜಿ ನಾನ್‌ಖಟಾಯಿ ತಿನಬೇಕು ಅನಸ್ಲಿಕತ್ತದ. ಅಂಗಡಿದು ತರಬ್ಯಾಡ, ನೀನಽ ಮಾಡು. ಕಲ್ಲಾದ್ರೂ ಸೈ."

ಕಲ್ಲಾದರೂ ಸೈ! ರಾಜೇಶ್ವರಿ ಎರಡು ದಿನ ಹಿಂದೆಮುಂದೆ ನೋಡಿದಳು. ಮೂರನೆಯ ದಿನ ಪರಾತ ತೊಳೆದು, ಎರಡು ತಗಡಿಗಾಗುವಷ್ಟು ತುಪ್ಪ ಸಕ್ಕರೆ ತಿಕ್ಕಲು ಕೂತಳು. ಒಂದು ತಗಡಿಗೆ ತನ್ನ ಹಸಿರು ಚಿಂದಿ ಕಟ್ಟಿದಳು. ಇನ್ನೊಂದಕ್ಕೆ ಅತ್ತೆಯ ನೀಲಿ ಚಿಂದಿ ಕಟ್ಟಿ, ಅವರ ಫೋಟೋದ ಮುಂದೆ ಇಟ್ಟು, ಅದಕ್ಕೆ ವಿಭೂತಿ ಮುಟ್ಟಿಸಿದಳು. ಒಂದು ತಗಡಾದರೂ ನಿಮ್ಮ ಹೆಸರಿನಿಂದ ಮೆತ್ತಗಾಗಲಿ, ನಿಮ್ಮ ಮೊಮ್ಮಗಳು ತಿನ್ನಲಿ ಎಂದು ಬಾಯಿಬಿಟ್ಟು ಬೇಡಿಕೊಂಡಳು.

ಶಾಂತಕುಮಾರ ಮಾಸ್ತರರು ಅಂದು ಪಿಂಚಣಿಯ ಕಾಗದಕ್ಕೆಂದು ಚಿತ್ತಾಪುರಕ್ಕೆ ಹೋಗಿದ್ದರು. ಫೋನು ಮಾಡಿ, "ತಗಡ ಹಂಗಽ ಇರಲಿ, ನಾ ಸಂಜಿಗಿ ಬಂದು ಒಯ್ತೀನಿ, ನೀ ಹೋಗಬ್ಯಾಡ" ಎಂದರು. ಅಷ್ಟೊತ್ತಿಗೆ ಬಿಸಿಲೇರಿತ್ತು, ತಟ್ಟಿದ ಬಿಸ್ಕತ್ತಿನಿಂದ ತುಪ್ಪ ಬಿಡತೊಡಗಿತ್ತು. ಸಂಜೆಯವರೆಗೆ ಇಟ್ಟರೆ ಎಲ್ಲವೂ ಹರಡಿ ಒಂದಾಗಿಬಿಡುತ್ತದೆ. ಭಟ್ಟಿಯ ಮುಂದೆ ನಿಲ್ಲಬೇಡ ಎನ್ನಲು ಈಗ ಅತ್ತೆಯೂ ಇಲ್ಲ. ರಾಜೇಶ್ವರಿ ಆಟೋ ಕರೆದಳು. ಇಪ್ಪತ್ತೆಂಟು ವರ್ಷದ ಮೇಲೆ ಅವಳು ಭಟ್ಟಿಗೆ ಹೊರಟಿದ್ದು ಹೀಗೆ.

ಗುಲಾಮ ದಸ್ತಗೀರನ ಗಡ್ಡ ಪೂರಾ ಬೆಳ್ಳಗಾಗಿತ್ತು. ಭಟ್ಟಿ ಮಾತ್ರ ಅದೇ: ಗೋಡೆಯಲ್ಲಿ ಬಾಯಿ ತೆರೆದ ಇಟ್ಟಿಗೆಯ ಗೂಡು, ಒಳಗೆ ಕೆಂಪು. ಆಗಷ್ಟೇ ಕೆಂಡ ಎಳೆದು ಬ್ರೆಡ್ಡಿನ ಅಚ್ಚುಗಳನ್ನು ಒಳಗೆ ತಳ್ಳುತ್ತಿದ್ದ. ಚಿಂದಿ ನೋಡಿದ್ದೇ ಅವನ ಮುಖ ಅರಳಿತು.

"ಯಾ ಅಲ್ಲಾ, ನೀಲಿ ಹಸಿರು! ಮೂರು ವರ್ಷ ಆತು ನೋಡ್ಲಾರದ. ಮಾಸ್ತರ್ ಸಾಬ್ ಮನ್ಯಾವ್ರಲ್ರಿ? ಕುಂದ್ರಿ ಅಮ್ಮಾ, ಕುಂದ್ರಿ. ನನಗ ಎಲ್ಲಾ ನೆನಪದ" ಎಂದವನೇ ಅವಳು ಬಾಯಿ ತೆರೆಯುವ ಮೊದಲು ಹಸಿರು ಚಿಂದಿ ಬಿಚ್ಚಿ, ಆ ತಗಡನ್ನು ಉದ್ದ ಕೋಲಿನ ಹಲಗೆಯ ಮೇಲಿಟ್ಟು ಬ್ರೆಡ್ಡಿನ ಜೊತೆಗೇ ಉರಿಗೆ ತಳ್ಳಿಬಿಟ್ಟ. ನೀಲಿಯದನ್ನು ನೆರಳಿಗಿಟ್ಟು ಒದ್ದೆ ಬಟ್ಟೆ ಮುಚ್ಚಿದ.

"ದಸ್ತಗೀರಣ್ಣ, ಅದ್ಯಾಕ ಒಂದು ಈಗ, ಒಂದು ಆಮ್ಯಾಲ?"

"ಹಸಿರು ಕಡಕ್ ಆಗಬೇಕಲ್ರಿ! ನಾನ್‌ಖಟಾಯಿಗಿ ಇಳಿ ಉರಿ ಬೇಕು, ಬ್ರೆಡ್ ತಗದ ಮ್ಯಾಲ ಇಡಬೇಕು. ಊರವ್ರದೆಲ್ಲಾ ಹಂಗಽ ಇಡ್ತೀನಿ. ನಿಮ್ಮ ಹಸಿರು ಒಂದಽ ಜೋರ್ ಉರಿಗಿ. ಮಾಸ್ತರ್ ಸಾಬ್ ಹರ್ ಸಾಲ್ ನಿಂತು ಹೇಳ್ತಿದ್ರು. ನಮ್ಮ ಮನ್ಯಾಕೀಗಿ ಚಹಾದಾಗ ಅದ್ದಿ ತಿನ್ನಾಕ ಕಡಕ್ ಬೇಕು ದಸ್ತಗೀರ, ಮೊದಲನೇ ಉರಿಗಿ ಇಡು ಅಂತ." ದಸ್ತಗೀರ ನಕ್ಕ. "ಮೊದಲನೇ ಸಲ ನಿಮ್ಮತ್ತಿಯವರಽ ಬಂದು ಹೇಳಿದ್ರು. ಆಮ್ಯಾಲ ಮಾಸ್ತರ್ ಸಾಬ್. ಮರೀತೀನಂತ ಎರಡೆರಡು ಸಲ ಹೇಳ್ತಿದ್ರು. ಹೆಂಡ್ತಿ ಮ್ಯಾಲ ಇಷ್ಟು ಖಯಾಲ್ ಇರೋ ಗಂಡಸ್ರು ಭಾಳ ಕಮ್ಮಿ ನೋಡ್ರಿ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ರಾಜೇಶ್ವರಿ ಬೆಂಚಿನ ಮೇಲೆ ಕೂತಳು. ತಗಡು ತೆಗೆಯಿರಿ ಎನ್ನಬಹುದಿತ್ತು, ಎನ್ನಲಿಲ್ಲ. ಆಗಲಿ, ಕಣ್ಣಾರೆ ನೋಡಿಯೇಬಿಡುತ್ತೇನೆ ಎಂದುಕೊಂಡಳು. ಬ್ರೆಡ್ಡು ಹೊರಬಂತು, ಹಸಿರು ತಗಡು ಹೊರಬಂತು. ಉರಿ ಇಳಿದ ಮೇಲೆ ನೀಲಿ ಒಳಗೆ ಹೋಯಿತು, ಅದೂ ಹೊರಬಂತು. ಎರಡು ತಾಸು ಅವಳು ಅಲ್ಲಿಂದ ಕದಲಲಿಲ್ಲ. ದಸ್ತಗೀರ ಕೊಟ್ಟ ಚಹಾ ಕೈಯಲ್ಲೇ ಆರಿಹೋಯಿತು. ಆರಿದ ಮೇಲೆ ನೀಲಿ ತಗಡಿನಿಂದ ಒಂದನ್ನು ಬಾಯಿಗೆ ಹಾಕಿಕೊಂಡಳು. ಹಲ್ಲಿನ ಕೆಲಸವೇ ಬೀಳಲಿಲ್ಲ.

ತಾನು ಕಲಸಿದ್ದು, ತಾನು ತಿಕ್ಕಿದ್ದು, ತಾನು ತಟ್ಟಿದ್ದು. ಐವತ್ತೆರಡನೆಯ ವಯಸ್ಸಿನಲ್ಲಿ ರಾಜೇಶ್ವರಿ ತನ್ನ ಕೈಯ ರುಚಿ ನೋಡಿದಳು, ಅದು ನುಂಗಲಾರದಷ್ಟು ಕಹಿಯಾಗಿತ್ತು. ಸಕ್ಕರೆ ತುಪ್ಪವೇನೋ ಸರಿಯಾಗಿಯೇ ಇತ್ತು. ಜ್ವರದ ವರ್ಷ ನೆನಪಾಯಿತು, ಕಾಲು ಹಿಂದೆಳೆದುಕೊಂಡದ್ದು ನೆನಪಾಯಿತು. ಮಗಳ ಮದುವೆಯ ಹೋಳಿಗೆ ನೆನಪಾಗಿ ಭಟ್ಟಿಯ ಮುಂದೆಯೇ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಹೊಗೆ ಕಣ್ಣಿಗೆ ಹೋಯಿತೆಂದು ದಸ್ತಗೀರ ಬಾಗಿಲು ತೆರೆದ.

ಶಾಂತಕುಮಾರ ಮಾಸ್ತರರು ಚಿತ್ತಾಪುರದಿಂದ ಬಂದು ಕೈಕಾಲು ತೊಳೆದು ಕೂತಾಗ ಮುಂದೆ ಎರಡು ತಟ್ಟೆ ಬಂತು. ಒಂದರಲ್ಲಿ ಬಂಗಾರದ ಬಣ್ಣದ್ದು, ಒಂದರಲ್ಲಿ ಕಂದು.

"ಎರಡೂ ನನ್ನ ಕೈಯಾವ" ಎಂದಳು ರಾಜೇಶ್ವರಿ.

ಮಾಸ್ತರರು ತಟ್ಟೆ ನೋಡಿದರು, ಕನ್ನಡಕ ತೆಗೆದು ಒರೆಸಿದರು. "ದಸ್ತಗೀರ ಏನರೆ ಅಂದನೇನು?"

ಏನು ಹೇಳುತ್ತೀ, ಏನಾಯಿತು ಎಂದು ಕೇಳಬಹುದಿತ್ತಲ್ಲ ಮನುಷ್ಯ. ಹಾಗೆ ಕೇಳಿದ್ದರೆ ಎಲ್ಲೋ ಒಂದು ಎಳೆ ಅನುಮಾನ ಉಳಿಯುತ್ತಿತ್ತು. ಅದೂ ಉಳಿಯಲಿಲ್ಲ.

"ಯಾಕ್ರಿ?" ಎಂದಳು.

ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ಆ ಮೊದಲನೇ ದೀಪಾವಳಿಗಿ ನಿಂದು ಚೊಲೋ ಆಗ್ಯಾವ ಅಂದ್ರಲ್ಲ, ಅವ್ವ ಎರಡು ದಿನ ಉಣಲಿಲ್ಲ. ಗ್ವಾಡಿಗಿ ಮುಖ ಮಾಡಿ ಕುಂತಳು. ಅಪ್ಪ ಸತ್ತ ಮ್ಯಾಲ ಊರಾಗ ಅಕಿಗಿ ಅಂತ ಇದ್ದದ್ದು ಅದೊಂದಽ ಹೆಸರು ರಾಜಿ. ನಾ ಏನ್ ಮಾಡ್ಲಿ? ಒಂದು ವರ್ಷ ಅಂದಳು, ಹೂಂ ಅಂದೆ. ಆಮ್ಯಾಲ ಬಿಡ್ಲಿಕ್ಕ ಆಗಲಿಲ್ಲ."

"ಅತ್ತಿ ಮಾಡಿದ್ರು, ಇರಲಿ. ಅವರಿಗಿ ಅಂಜಿಕಿ ಇತ್ತು, ಸಂಕಟ ಇತ್ತು. ಅದನ್ನ ನಾ ಹೆಂಗರೆ ನುಂಗ್ತೀನಿ. ನಿಮಗೇನಿತ್ರಿ? ನನ್ನ ತಗಡ ನೀವಽ ಸುಟ್ಟು ತಂದು, ನನ್ನ ಮುಂದಽ ಕುಂತು ಯಾಕ ನಗ್ತಿದ್ರಿ? ಪರಸಿ ಅಂತ ನೆಲಕ್ಕ ಯಾಕ ಬಡೀತಿದ್ರಿ?"

"ನಗಲಾರದ ಇದ್ರ ನಿನಗ ಗೊತ್ತಾಗ್ತಿತ್ತಲ್ಲ" ಎಂದರು ಮಾಸ್ತರರು ಮೆಲ್ಲಗೆ.

ರಾಜೇಶ್ವರಿಗೆ ಆ ಉತ್ತರ ಕೇಳಿ ಕೋಪವೂ ಬರಲಿಲ್ಲ. ಮೂವತ್ತು ವರ್ಷ ಪಕ್ಕದಲ್ಲಿ ಮಲಗಿದ ಮನುಷ್ಯ ಯಾರೋ ಬೇರೆಯವರ ಹಾಗೆ ಕಂಡರು. ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ಒಂದೇ ಮಾತು ಕೇಳಿದಳು. ನಾಡಿದ್ದು ಕುಬಸದಲ್ಲಿ ಎಲ್ಲರ ಮುಂದೆ, ಮಗಳ ಮುಂದೆ, ನಾದಿನಿಯ ಮುಂದೆ ಇದನ್ನು ಹೇಳಬೇಕು. ಅವ್ವನಿಗೆ ಕೆಟ್ಟ ಹೆಸರು ಬರುವಂತೆ ಬೇಡ. ನನ್ನ ಹೆಂಡತಿಯ ಕೈ ಮೊದಲಿನಿಂದಲೂ ಚೆನ್ನಾಗಿಯೇ ಇತ್ತು, ತಪ್ಪು ನನ್ನದು, ಉರಿ ಕೆಡಿಸಿದವನು ನಾನು ಎಂದರೆ ಸಾಕು.

"ನಾ ಹೇಳಿದ್ರ ಸತ್ತಾಕಿ ಮ್ಯಾಲ ಚಾಡಿ ಹೇಳಿದಂಗ ಆಗ್ತದ. ಬೀಗರ ಮನ್ಯಾಗ ಯಾರು ನಂಬ್ತಾರ? ನೀವು ಹೇಳಿದ್ರ ನಂಬ್ತಾರ."

ಶಾಂತಕುಮಾರ ಮಾಸ್ತರರು ಕೊರಳ ಲಿಂಗದ ಮೇಲೆ ಕೈಯಿಟ್ಟು ಆಣೆ ಮಾಡಲು ಹೋದರು. ರಾಜೇಶ್ವರಿ ತಡೆದಳು. "ಆಣಿ ಬ್ಯಾಡ. ಮಾತು ಸಾಕು." ಅವರು ಮಾತು ಕೊಟ್ಟರು.

ಕುಬಸದ ದಿನ ಜೀಪು ಮಾಡಿಕೊಂಡು ಹೋದರು. ದಾರಿಯಲ್ಲಿ ಸೇಡಂನಲ್ಲಿ ನಾದಿನಿ ಹತ್ತಿದಳು. ರಾಜೇಶ್ವರಿ ನಾನ್‌ಖಟಾಯಿಯ ಡಬ್ಬಿಯನ್ನು ತೊಡೆಯಿಂದ ಕೆಳಗಿಳಿಸಲಿಲ್ಲ. ಚಿಂಚೋಳಿಯ ಮನೆಯ ಪಡಸಾಲೆ ತುಂಬ ಜನ. ಭಾಗ್ಯಜ್ಯೋತಿ ಹಸಿರು ಸೀರೆ ಉಟ್ಟು, ಕೈ ತುಂಬ ಬಳೆ ತೊಟ್ಟು ಮಣೆಯ ಮೇಲೆ ಕೂತಿದ್ದಳು. ಉಡಿ ತುಂಬಿ, ಆರತಿ ಎತ್ತಿದ ಮೇಲೆ ತಾಯಿ ಮಗಳ ಬಾಯಿಗೆ ಒಂದು ನಾನ್‌ಖಟಾಯಿ ಇಟ್ಟಳು. ಹುಡುಗಿ ಕಣ್ಣು ಮುಚ್ಚಿದಳು. ತೆರೆದಾಗ ಕಣ್ಣಲ್ಲಿ ನೀರು.

"ಅಜ್ಜಿ ಬಂದಂಗಾತು ಅವ್ವಾ!"

ಡಬ್ಬಿ ಕೈಯಿಂದ ಕೈಗೆ ಹೋಯಿತು. ಬೀಗಿತ್ತಿ ಎರಡು ತೆಗೆದುಕೊಂಡರು. ನಾದಿನಿ ತಿಂದು, ರಾಜೇಶ್ವರಿಯ ಬೆನ್ನು ಚಪ್ಪರಿಸಿ, ಪಡಸಾಲೆಗೆಲ್ಲ ಕೇಳುವಂತೆ ಹೇಳಿದಳು: "ನೋಡ್ರಿ, ನಮ್ಮ ವೈನಿ ಇಷ್ಟು ವರ್ಷ ಕಲ್ಲು ಮಾಡಿ ಮಾಡಿ ನಮ್ಮ ಹಲ್ಲು ಮುರದಾಳ. ನಮ್ಮವ್ವ ಸತ್ತ ಮ್ಯಾಲ ಕಡೀಗಿ ಈಕಿ ಕೈಯಾಗ ಬಂದು ಕುಂತಾಳ!" ಎಲ್ಲರೂ ನಕ್ಕರು. "ಏನಣ್ಣಾ, ಖರೇ ಹೌದಿಲ್ಲೋ?"

ಶಾಂತಕುಮಾರ ಮಾಸ್ತರರು ಬೀಗರ ಪಕ್ಕ ಕುರ್ಚಿಯಲ್ಲಿದ್ದರು. ಕೈಯಲ್ಲಿ ಅರ್ಧ ತಿಂದ ನಾನ್‌ಖಟಾಯಿ. ರಾಜೇಶ್ವರಿ ಅವರನ್ನೇ ನೋಡಿದಳು. ಇಡೀ ಪಡಸಾಲೆ ಅವರನ್ನೇ ನೋಡುತ್ತಿತ್ತು, ಇದಕ್ಕಿಂತ ಒಳ್ಳೆಯ ಘಳಿಗೆ ಬೇಡಿದರೂ ಸಿಗುತ್ತಿರಲಿಲ್ಲ. ಅವರು ಗಂಟಲು ಸರಿಮಾಡಿಕೊಂಡರು. ಮೂವತ್ತು ವರ್ಷ ತರಗತಿಯಲ್ಲಿ ನಿಂತು ಮಾತಾಡಿದ ಗಂಟಲು. ಹೆಂಡತಿಯ ಕಣ್ಣನ್ನು ಒಮ್ಮೆ ನೋಡಿ, ಬೀಗರ ಕಡೆ ತಿರುಗಿದರು.

"ಎಲ್ಲಾ ಅವ್ವನ ಆಶೀರ್ವಾದ" ಎಂದರು.

ಮತ್ತೆ ನಗು, ಮತ್ತೆ ಡಬ್ಬಿ ಸುತ್ತು ಹೊಡೆಯಿತು. ಯಾರೋ ರತ್ನಾಬಾಯಿಯವರ ಗುಣಗಾನ ಶುರುಮಾಡಿದರು. ರಾಜೇಶ್ವರಿ ಒಳಗೆ ಹೋಗಿ ಊಟದೆಲೆ ಒರೆಸಲು ಕೂತಳು. ಅತ್ತೆ ಮಾಡಿದ್ದು ಗೊತ್ತಾದಾಗ ಅಳು ಬಂದಿತ್ತು. ಈಗ ಅದೂ ಬರಲಿಲ್ಲ. ಬಾಗಿಲಲ್ಲಿ ಮುಖ ತೋರಿಸಿ, "ಆ ಮಂದ್ಯಾಗ ಹೆಂಗ ಹೇಳ್ಲಿ ರಾಜಿ, ಮುಂದ ಯಾವಾಗರೆ ಹೇಳಿದ್ರಾತು" ಎಂದು ಪಿಸುಗುಟ್ಟಿದ ಗಂಡನಿಗೆ ಅವಳು ಎಲೆ ಎಣಿಸಿಕೊಟ್ಟಳು.

ಮರುದಿನ ಬೆಳಗ್ಗೆ ಶಹಾಬಾದಿನಲ್ಲಿ ಮಾಸ್ತರರ ಚಹಾದ ಜೊತೆ ತಟ್ಟೆ ಬಂತು. ಹಸಿರು ತಗಡಿನವು, ನಾಲ್ಕು. ಅವರಿಗೆ ಎದುರಿನ ಎರಡು ಹಲ್ಲು ಅಲುಗುತ್ತಿರುವುದು ಮನೆಗೆಲ್ಲ ಗೊತ್ತಿರುವ ವಿಷಯ.

"ಚಹಾದಾಗ ಅದ್ದಿ ತಿನ್ರಿ. ಇನ್ನೂ ಒಂದು ಡಬ್ಬಿ ಅವ" ಎಂದು ರಾಜೇಶ್ವರಿ ಎದುರಿಗೆ ಕೂತಳು. ಅವರು ಅದ್ದಿದರು, ಮತ್ತೆ ಅದ್ದಿದರು.

"ಹೆಂಗ ಆಗ್ಯಾವ್ರಿ?"

ಪರಸಿಯ ಜೋಕು ಶುರುವಾದಂದಿನಿಂದ ಮೊದಲ ಸಲ ತಪ್ಪಿತು. ಮಾಸ್ತರರು ತಲೆ ತಗ್ಗಿಸಿ ದವಡೆ ಹಲ್ಲಿನಿಂದ ಕಡಿಯುತ್ತಿರುವಾಗ ಫೋನು ಬಂತು. ಭಾಗ್ಯಜ್ಯೋತಿ. ಡಬ್ಬಿ ರಾತ್ರಿಗೇ ಖಾಲಿಯಂತೆ. ಅತ್ತೆಯ ಮನೆಯವರು ನೀನೂ ಕಲಿ ಎನ್ನುತ್ತಿದ್ದಾರಂತೆ. ಅಳತೆ ಹೇಳು, ಬರೆದುಕೊಳ್ಳುತ್ತೇನೆ ಎಂದಳು. ರಾಜೇಶ್ವರಿ ಫೋನನ್ನು ತಟ್ಟೆಯ ಪಕ್ಕ ಇಟ್ಟು, ದನಿ ದೊಡ್ಡದು ಮಾಡಿ ಹೇಳಿದಳು. ನಾಲ್ಕು ಬಟ್ಟಲು ಮೈದಾ, ಒಂದು ಕಡಲೆಹಿಟ್ಟು, ಅರ್ಧ ರವೆ, ತುಪ್ಪ ಎರಡೂವರೆ, ಸಕ್ಕರೆ ಎರಡೂವರೆ. ಅಂಗೈಯಿಂದ ತಿಕ್ಕುವುದು, ತಟ್ಟುವುದು, ಪಿಸ್ತಾ ಒತ್ತುವುದು.

"ಬರಕೊಂಡೆ ಅವ್ವಾ. ಇಲ್ಲಿ ಬಸ್‌ಸ್ಟ್ಯಾಂಡ್ ಹತ್ರ ಭಟ್ಟಿ ಅದ. ಇವರಽ ಗಾಡಿ ಮ್ಯಾಲ ಒಯ್ದು ಕೊಟ್ಟು ಬರ್ತೀನಿ ಅನ್ಲಿಕತ್ತಾರ."

"ಇನ್ನೊಂದು ಅದ, ಅದನ್ನೂ ಬರ್ಕೋ. ತಗಡ ನೀನಽ ಒಯ್ಯಬೇಕು. ಬ್ರೆಡ್ ತಗದ ಮ್ಯಾಲ, ಉರಿ ಇಳಿದ ಮ್ಯಾಲ, ನಿನ್ನ ಕಣ್ಣ ಮುಂದಽ ಇಡಸಬೇಕು. ಹೊರಗ ಬರೋತನಕ ಅಲ್ಲಿಂದ ಏಳಬ್ಯಾಡ. ಯಾರ ಕೈಯಾಗೂ ತಗಡ ಕೊಡಬ್ಯಾಡ."

"ಇವರ ಕೈಯಾಗೂ ಬ್ಯಾಡೇನವ್ವಾ?" ಎಂದು ಹುಡುಗಿ ನಕ್ಕಳು.

ಎದುರಿಗೆ ಶಾಂತಕುಮಾರ ಮಾಸ್ತರರು ಅಗಿಯುವುದನ್ನು ನಿಲ್ಲಿಸಿದ್ದರು.

"ಗಂಡನ ಕೈಯಾಗಂತೂ ಕೊಡಲೇಬ್ಯಾಡ" ಎಂದಳು ರಾಜೇಶ್ವರಿ. "ಬರಕೊಂಡ್ಯಾ?"